ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಗೆ ದಂಪತಿಗಳ ಸಿದ್ಧತೆ

ಹುತ್ತರಿ ಹಬ್ಬ ಕಳೆದು ಕಾಫಿ ಕುಯ್ಲು ಆರಂಭವಾಗಿದ್ದ ದಿನಗಳಲ್ಲಿ ಗಂಡಹೆಂಡಿರಿಬ್ಬರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ವಿವಾಹವಾಗಿ ಒಂಬತ್ತು ವರ್ಷಗಳಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ. ಆಕೆಯ ಎತ್ತರ 154 ಸೆಂಟಿಮೀಟರ್, ತೂಕ 96 ಕಿಲೋಗ್ರಾಂ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಸಕ್ಕರೆ ಕಾಯಿಲೆಯೂ ತಲೆದೋರಿತ್ತು. ಪಥ್ಯ, ನಡಿಗೆ, ಔಷಧಿ ಇವುಗಳನ್ನೆಲ್ಲ ಎರಡು ವರ್ಷ ಪ್ರಯತ್ನಿಸಿದ್ದರು. ಇನ್ನು ಮೈಸೂರಿನಲ್ಲಿ ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯಿಸಿ, ಅಲ್ಲಿಗೆ ಒಂದು ಪತ್ರ ಬರೆದುಕೊಡಬೇಕೆಂದು ಕೇಳಿದರು. ನಾನು ಪತ್ರ ಬರೆದು ಸಹಿ ಹಾಕುವುದರಲ್ಲಿದ್ದೆ. ಆಗ ಆಕೆ, "ಡಾಕ್ಟರೇ, ಆಪರೇಷನ್ ಆದ ಮೇಲೆ ಎಷ್ಟು ತಿಂಗಳಿಗೆ ಮಗುವಾಗಬಹುದು?" ಎಂದು ಕೇಳಿದರು.

ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಒಂದೂವರೆ ವರ್ಷ ಗರ್ಭಿಣಿಯಾಗಬಾರದೆಂದು ಹೇಳಿದಾಗ ಇಬ್ಬರೂ ಮಾತಿಲ್ಲದೆ ಕುಳಿತರು. ಅವರು ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದ್ದೇ ಮಗುವಿಗಾಗಿ. ಈ ಸಂಗತಿಯನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಆಕೆ ಕೇಳದೆ ಇದ್ದಿದ್ದರೆ ಅಂದು ನಾನೂ ತಿಳಿಸುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅವರಿಗೆ ಮುಂದಿನ ಮೂರು ತಿಂಗಳುಗಳಲ್ಲಿ ಹೇಳಿದ ಮಾತುಗಳನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಚಿಕಿತ್ಸೆ ಒಬ್ಬರ ಹೊಟ್ಟೆಗೆ ಆಗುವುದಾದರೂ ಅದರ ಸಿದ್ಧತೆ ದಂಪತಿಗಳಿಬ್ಬರದೂ ಆಗಿರತಕ್ಕದ್ದು.

ಈ ಶಸ್ತ್ರಚಿಕಿತ್ಸೆ ಯಾರಿಗೆ?

ಮೈತುಂಬಿಕೊಂಡಿರುವುದು ಸೌಖ್ಯದ ಲಕ್ಷಣವೆಂದು ನಮ್ಮ ಹಿರಿಯರು ಭಾವಿಸುತ್ತಿದ್ದರು. ಗದ್ದೆ ತೋಟಗಳಲ್ಲಿ ದಿನವಿಡೀ ದುಡಿಯುತ್ತಿದ್ದ ಕಾಲಕ್ಕೆ ಅದು ಸಲ್ಲುತ್ತಿತ್ತು. ಈಗ ಹತ್ತು ಹೆಜ್ಜೆಯ ದೂರಕ್ಕೂ ವಾಹನವಿದೆ. ಊಟದ ಪ್ರಮಾಣ ಮಾತ್ರ ಹಿಂದಿನದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿಮೀರಿದೆ.

ಮಿತಿಯನ್ನು ನೀವೇ ಲೆಕ್ಕ ಹಾಕಬಹುದು. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿರಿ; ಬಂದ ಸಂಖ್ಯೆಯಿಂದ ತೂಕದ ಕಿಲೋಗ್ರಾಂಗಳನ್ನು ಭಾಗಿಸಿರಿ. ಮೇಲೆ ಹೇಳಿದ ಮಹಿಳೆಯ ಅಂಕ ಸುಮಾರು 40.5. ಭಾರತೀಯರಲ್ಲಿ ಈ ಅಂಕ 23ನ್ನು ಮುಟ್ಟಿದರೆ ತೂಕ ಹೆಚ್ಚೆಂದೂ, 25ನ್ನು ಮುಟ್ಟಿದರೆ ಬೊಜ್ಜೆಂದೂ ಪರಿಗಣಿಸಲಾಗುತ್ತದೆ. ನಮ್ಮ ದೇಶದ ವೈದ್ಯತಜ್ಞರು 2009ರಲ್ಲಿ ಪ್ರಕಟಿಸಿದ ಸೂತ್ರದಂತೆ, ಅಂಕ 37.5ಕ್ಕೆ ಏರಿದವರಿಗೆ, ಅಥವಾ 32.5ಕ್ಕೆ ಏರಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ವ್ಯಾಧಿಗಳಿರುವವರಿಗೆ ಶಸ್ತ್ರಚಿಕಿತ್ಸೆಯನ್ನು ಆಲೋಚಿಸಬಹುದು. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಏಷ್ಯಾದವರಿಗೆ ಈ ಮಿತಿಯನ್ನು ಮತ್ತಷ್ಟು ಇಳಿಸಿವೆ. ಆದರೆ ಅಂಕವೊಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಹೊರಡುವುದು ಸರಿಯಲ್ಲ. ಥೈರಾಯ್ಡ್ ದೋಷ ಮುಂತಾದ ಕಾರಣಗಳಿದ್ದಲ್ಲಿ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ಆಹಾರ ವ್ಯಾಯಾಮಗಳ ಪ್ರಯತ್ನವೂ ಪ್ರಾಮಾಣಿಕವಾಗಿ ನಡೆದಿರಬೇಕು.

1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು ಜಠರದ ಬಹುಭಾಗವನ್ನು ಬಿಟ್ಟು ಆಹಾರಕ್ಕೆ ಅಡ್ಡದಾರಿ ಮಾಡಿಕೊಡುವ ವಿಧಾನವನ್ನು ಆರಂಭಿಸಿದರು. ಅದರ ಸುಧಾರಿತ ರೂಪವೇ ಇಂದಿನ ಬೈಪಾಸ್. ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂತಹ ಕಿರಿದಾದ ನಾಳವನ್ನು ಉಳಿಸುವುದು ಇನ್ನೊಂದು ವಿಧಾನ. ಇದನ್ನು ಸ್ಲೀವ್ ಎನ್ನುವರು. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಹೀಗೆ ತೆಗೆದುಹಾಕುವ ಭಾಗದಲ್ಲೇ. ಎರಡನ್ನೂ ಈಗ ಹೊಟ್ಟೆಯಲ್ಲಿ ಚಿಕ್ಕ ರಂಧ್ರಗಳನ್ನು ಮಾಡಿ ದೂರದರ್ಶಕದ ನೆರವಿನಿಂದ ಮಾಡುತ್ತಾರೆ. ಅನುಭವವಿರುವ ಕೇಂದ್ರಗಳಲ್ಲಿ ಇದರಿಂದ ಪ್ರಾಣಾಪಾಯ ಸಾವಿರಕ್ಕೆ ಸುಮಾರು ಒಂದು. ಅಪಾಯ ಕಡಿಮೆಯೆಂದರೆ ಇಲ್ಲವೆಂದಲ್ಲ. ಈ ಮಾತನ್ನು ಮನೆಯವರೆಲ್ಲ ಕೂತು ಕೇಳಿರಬೇಕು.

2025ರಿಂದ ತೂಕ ಇಳಿಸುವ ವಾರದ ಚುಚ್ಚುಮದ್ದುಗಳು ನಮ್ಮ ದೇಶದಲ್ಲಿಯೂ ಮಾರಾಟಕ್ಕೆ ಬಂದಿವೆ. ಕೆಲವರಿಗೆ ಅವು ಸಾಕಾಗಬಹುದು. ಆದರೆ ಅವನ್ನು ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕು. ಗರ್ಭಧಾರಣೆಗೆ ಮೊದಲು ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಗೆ ಹೋಗುವುದಾದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮನಸ್ಸಿನ ಸಿದ್ಧತೆ

ಮೊದಲನೆಯ ಪ್ರಶ್ನೆ, ನೀವು ಏನನ್ನು ನಿರೀಕ್ಷಿಸುತ್ತೀರಿ ಎಂಬುದು. ಶಸ್ತ್ರಚಿಕಿತ್ಸೆಯಾದ ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿಯುವುದು ಸಾಮಾನ್ಯ. 96 ಕಿಲೋ ಇದ್ದವರು 70ರ ಆಸುಪಾಸಿಗೆ ಬರಬಹುದು. ಮದುವೆಯ ಭಾವಚಿತ್ರದಲ್ಲಿರುವ ಸಪೂರ ದೇಹ ಮರಳಿ ಬರುವುದೆಂದು ಎಣಿಸಬೇಡಿ. ಹೊಟ್ಟೆ ತೋಳುಗಳ ಚರ್ಮ ಜೋಲುವುದುಂಟು. ಮೂರರಿಂದ ಆರು ತಿಂಗಳ ನಡುವೆ ಕೂದಲು ಬಹಳ ಉದುರಿ, ಆಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಇದನ್ನು ಮೊದಲೇ ತಿಳಿಯದಿದ್ದ ಹೆಂಗಸರು ಹೊಸ ರೋಗವೇ ಬಂದಿತೆಂದು ಹೆದರುತ್ತಾರೆ.

ಎರಡನೆಯದು, ಊಟದ ಜೊತೆ ನಮಗಿರುವ ನಂಟು. ಹಸಿವಿಲ್ಲದಿದ್ದರೂ ತಿನ್ನುವ ಹೊತ್ತುಗಳು ಎಲ್ಲರಿಗೂ ಇವೆ. ದುಃಖಕ್ಕೆ, ಬೇಸರಕ್ಕೆ, ಜಗಳವಾದ ರಾತ್ರಿ ಒಬ್ಬರೇ ಅಡಿಗೆಮನೆಯಲ್ಲಿ ನಿಂತು ತಿನ್ನುವವರಿದ್ದಾರೆ. ಎರಡು ವಾರ ಒಂದು ಪುಸ್ತಕದಲ್ಲಿ ತಿಂದುದನ್ನೆಲ್ಲ, ತಿಂದಾಗ ಮನಸ್ಸು ಹೇಗಿತ್ತೆಂಬುದನ್ನೂ ಬರೆದಿಡಿರಿ. ನಾಚಿಕೆ ಬೇಡ; ಅದನ್ನು ಓದುವವರು ನಿಮ್ಮ ವೈದ್ಯರು ಮಾತ್ರ. ಜಠರ ಚಿಕ್ಕದಾದ ಮೇಲೆ ಆ ದುಃಖ ಹಾಗೆಯೇ ಉಳಿದು, ತಿನ್ನುವ ಸಮಾಧಾನ ಮಾತ್ರ ಇಲ್ಲವಾಗುತ್ತದೆ. ಕೆಲವರಲ್ಲಿ ಅದು ಕುಡಿತವಾಗಿ ತಿರುಗುವುದನ್ನು ವೈದ್ಯರು ಕಂಡಿದ್ದಾರೆ. ವಿಶೇಷವಾಗಿ ಬೈಪಾಸ್ ಆದವರಲ್ಲಿ ಮದ್ಯವು ಬಹು ಬೇಗ ರಕ್ತಕ್ಕೆ ಸೇರಿ, ಸ್ವಲ್ಪದರಲ್ಲೇ ಅಮಲೇರುತ್ತದೆ. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಸಮಾರಂಭಕ್ಕೆ ಬಂದವರಿಗೆ ಮದ್ಯ ಕೊಡುವುದು ಮರ್ಯಾದೆಯ ಸಂಗತಿ. ಬೇಡವೆನ್ನುವವರನ್ನು ಒತ್ತಾಯಿಸದಿರುವುದೂ ಮರ್ಯಾದೆಯೇ ಎಂದು ನನ್ನ ಅಭಿಪ್ರಾಯ.

ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಭೇಟಿ ಈ ಸಿದ್ಧತೆಯ ಒಂದು ಅಂಗ. "ನಮಗೇನು ಹುಚ್ಚೇ?" ಎಂದು ಸಿಟ್ಟಾಗಬೇಡಿರಿ. ಖಿನ್ನತೆ ಇದ್ದಲ್ಲಿ ಅದಕ್ಕೆ ಮುಂಚಿತವಾಗಿಯೇ ಚಿಕಿತ್ಸೆಯಾಗಬೇಕೆಂಬುದಷ್ಟೇ ಅದರ ಉದ್ದೇಶ. ಶಸ್ತ್ರಚಿಕಿತ್ಸೆಯ ಮೊದಲಾಗಲಿ ಅನಂತರವಾಗಲಿ ಬದುಕು ಬೇಡವೆನಿಸುವ ಯೋಚನೆಗಳು ಬಂದರೆ ಟೆಲಿಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಮನೆಯ ವಿಷಯ. ಅತ್ತೆಯವರಾಗಲಿ ತಾಯಿಯವರಾಗಲಿ "ಇನ್ನೊಂದು ಕಡಂಬುಟ್ಟು ಹಾಕಿಕೋ" ಎಂದು ಬಡಿಸುವುದು ಪ್ರೀತಿಯಿಂದಲೇ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಅರ್ಧ ಲೋಟದಷ್ಟು ಆಹಾರಕ್ಕೇ ಹೊಟ್ಟೆ ತುಂಬುವುದೆಂದು, ಮೇಲೆ ಒಂದು ತುತ್ತು ಬಿದ್ದರೂ ವಾಂತಿಯಾಗುವುದೆಂದು ಅವರಿಗೆ ಹೇಳಬೇಕಾದವರು ಗಂಡ. ಸೊಸೆ ಹೇಳಿದರೆ ಅದು ಬೇರೆಯೇ ಅರ್ಥ ಪಡೆಯುತ್ತದೆ. ಚಿಕಿತ್ಸೆಗೆ ಹೋಗುವವರು ಗಂಡನಾದಲ್ಲಿ ಹೆಂಡತಿಯ ಕೆಲಸ ಇನ್ನೂ ಕಷ್ಟ, ಏಕೆಂದರೆ ಅಡಿಗೆಯೂ ಆಕೆಯದೇ, ಆಕ್ಷೇಪಣೆಗೆ ಉತ್ತರ ಕೊಡುವುದೂ ಆಕೆಯೇ.

ಗರ್ಭಧಾರಣೆ ಮತ್ತು ಅಂತರ

ಬೊಜ್ಜಿನಿಂದ ಅನೇಕ ಸ್ತ್ರೀಯರಲ್ಲಿ ಅಂಡಾಣು ಕ್ರಮವಾಗಿ ಬಿಡುಗಡೆಯಾಗುವುದಿಲ್ಲ. ಪುರುಷರಲ್ಲಿಯೂ ಬೊಜ್ಜು ವೀರ್ಯದ ಗುಣವನ್ನು ಕುಗ್ಗಿಸುತ್ತದೆ. ಮಕ್ಕಳಾಗದಿರುವುದಕ್ಕೆ ಹೆಂಡತಿಯೊಬ್ಬಳನ್ನೇ ಕಾರಣ ಮಾಡುವವರು ಇದನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಯಾಗಿ ತೂಕ ಇಳಿಯತೊಡಗಿದಾಗ ಕೆಲವೇ ತಿಂಗಳುಗಳಲ್ಲಿ ಮುಟ್ಟು ಸರಿಯಾಗಿ, ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆ. ಒಂಬತ್ತು ವರ್ಷ ಆಗದಿದ್ದುದು ನಾಲ್ಕನೆಯ ತಿಂಗಳಿಗೇ ಆಗಬಹುದು. ಇದು ಸಂತೋಷದ ಸುದ್ದಿಯೆಂದು ತೋರಿದರೂ ತಾಯಿಯ ಶರೀರ ಆಗ ಅತ್ಯಂತ ಬಡಕಲು ಸ್ಥಿತಿಯಲ್ಲಿರುತ್ತದೆ. ಆಕೆ ತಿನ್ನುವುದು ಅತ್ಯಲ್ಪ; ಕಬ್ಬಿಣ, ಬಿ12 ಜೀವಸತ್ವ, ಸುಣ್ಣ, ಫೋಲಿಕ್ ಆಮ್ಲಗಳ ಸಂಗ್ರಹ ಕರಗುತ್ತಿರುತ್ತದೆ. ಮಗುವಿಗೆ ಕೊಡಲು ಅವಳಲ್ಲಿ ಏನೂ ಇರುವುದಿಲ್ಲ. ಮಗು ಕಡಿಮೆ ತೂಕದ್ದಾಗಬಹುದು, ಅವಧಿಗೆ ಮುನ್ನ ಹುಟ್ಟಬಹುದು. ತೂಕ ಒಂದು ಮಟ್ಟಕ್ಕೆ ನಿಂತು, ರಕ್ತಪರೀಕ್ಷೆ ಸರಿಯಾಗಿದೆಯೆಂದು ಖಚಿತವಾದ ಮೇಲೆ ಗರ್ಭ ಧರಿಸಿದರೆ, ಬೊಜ್ಜಿನ ಸ್ಥಿತಿಯಲ್ಲಿ ಧರಿಸುವುದಕ್ಕಿಂತ ಸಕ್ಕರೆ ಮತ್ತು ರಕ್ತದೊತ್ತಡದ ತೊಂದರೆ ಕಡಿಮೆ.

ಆದುದರಿಂದ ಅಂತರದ ಏರ್ಪಾಡು ಶಸ್ತ್ರಚಿಕಿತ್ಸೆಗೆ ಮೊದಲೇ ಆಗಿರಬೇಕು. ಕಾಪರ್-ಟಿ ಇದಕ್ಕೆ ಬಹಳ ಅನುಕೂಲ. ಅದಕ್ಕೂ ಹೊಟ್ಟೆಯ ಹೀರುವಿಕೆಗೂ ಸಂಬಂಧವಿಲ್ಲ, ಬೇಕೆಂದಾಗ ತೆಗೆಸಬಹುದು. ನುಂಗುವ ಮಾತ್ರೆಗಳ ವಿಷಯ ಹಾಗಲ್ಲ. ಬೈಪಾಸಿನ ನಂತರ ಅವು ಪೂರ್ಣವಾಗಿ ರಕ್ತಕ್ಕೆ ಸೇರುವವೆಂಬ ಭರವಸೆಯಿಲ್ಲ. ವಾಂತಿಯಾದರೆ ಅಂದಿನ ಮಾತ್ರೆ ವ್ಯರ್ಥ. ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜನ್ ಇರುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಈಗ ತೆಗೆದುಕೊಳ್ಳುತ್ತಿರುವವರು ಶಸ್ತ್ರಚಿಕಿತ್ಸೆಗೆ ಒಂದು ತಿಂಗಳ ಮೊದಲು ವೈದ್ಯರನ್ನು ಕೇಳಿ ಬೇರೆ ವಿಧಾನಕ್ಕೆ ಬದಲಾಯಿಸಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಕೆಲವರಲ್ಲಿ ತೂಕ ಹೆಚ್ಚಿಸುತ್ತದೆಂಬುದನ್ನೂ ತಿಳಿದಿರಿ. ನಿರೋಧ್ ಬಳಸುವುದಾದರೆ ಪ್ರತಿ ಸಲವೂ ಬಳಸತಕ್ಕದ್ದು. ಇನ್ನು ಮಕ್ಕಳು ಸಾಕೆಂದು ತೀರ್ಮಾನಿಸಿರುವ ದಂಪತಿಗಳಲ್ಲಿ, ಹೆಂಡತಿ ದೊಡ್ಡ ಶಸ್ತ್ರಚಿಕಿತ್ಸೆಗೆ ಸಿದ್ಧಳಾಗುತ್ತಿರುವಾಗ ಗಂಡನು ಗಾಯವಿಲ್ಲದ ಪುರುಷ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಳ್ಳುವುದು ಎಷ್ಟೋ ನ್ಯಾಯವಾದುದು. ಅದರ ಫಲ ಖಚಿತವಾಗಲು ಮೂರು ತಿಂಗಳು ಬೇಕಾದ್ದರಿಂದ ಮೊದಲೇ ಮಾಡಿಸಿರಬೇಕು.

ಮೊದಲು ಹೇಳಿದ ದಂಪತಿಗಳು ಎರಡು ವಾರ ಬಿಟ್ಟು, ಅತ್ತೆಯವರನ್ನೂ ಕರೆದುಕೊಂಡು ಬಂದರು. ಅಷ್ಟು ವರ್ಷ ಮೊಮ್ಮಗುವಿಗಾಗಿ ಹರಕೆ ಹೊತ್ತಿದ್ದ ಆ ಹಿರಿಯರಿಗೆ ಕಾಪರ್-ಟಿ ಎಂಬ ಶಬ್ದವೇ ಅಪಶಕುನವಾಗಿ ಕೇಳಿಸಿತು. ಗೊಬ್ಬರ ಹಾಕದ ಹೊಸ ಗದ್ದೆಗೆ ಅವಸರದಲ್ಲಿ ನಾಟಿ ಮಾಡಿದರೆ ಪೈರು ಏನಾದೀತೆಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. ಮಾರ್ಚಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮುಂದಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿ ಕಾಪರ್-ಟಿ ತೆಗೆಸುವುದೆಂದು ಗೊತ್ತುಮಾಡಿಕೊಂಡಿದ್ದಾರೆ.

ಮುಂದೆ ಗರ್ಭಿಣಿಯಾದಾಗ ದಾದಿಯವರಿಗೆ ಶಸ್ತ್ರಚಿಕಿತ್ಸೆಯ ವಿಷಯ ಹೇಳಿ ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆಗೆಂದು ಗ್ಲೂಕೋಸ್ ನೀರು ಕುಡಿಸುವ ಪದ್ಧತಿಯಿದೆ. ಬೈಪಾಸ್ ಆದವರು ಅದನ್ನು ಕುಡಿದರೆ ಬೆವರು, ತಲೆಸುತ್ತು, ಹೊಟ್ಟೆನೋವು ಬರಬಹುದು. ಅವರಿಗೆ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಬೇಕು.

ಶರೀರದ ಸಿದ್ಧತೆ

ರಕ್ತ, ಥೈರಾಯ್ಡ್, ಹೃದಯ, ಹೊಟ್ಟೆಯ ಸ್ಕ್ಯಾನ್, ಜಠರದ ಒಳಗನ್ನು ನೋಡುವ ಎಂಡೋಸ್ಕೋಪಿ ಮೊದಲಾದ ಪರೀಕ್ಷೆಗಳನ್ನು ಆಸ್ಪತ್ರೆಯವರೇ ಹೇಳುತ್ತಾರೆ. ಇವುಗಳಲ್ಲಿ ಕೆಲವನ್ನು ಮಡಿಕೇರಿಯಲ್ಲೇ ಮಾಡಿಸಿಕೊಂಡು ಹೋಗಬಹುದೇ ಎಂದು ಮೊದಲು ಕೇಳಿಕೊಳ್ಳಿ. ಒಂದು ಸಂಗತಿಯನ್ನು ಮಾತ್ರ ಯಾವ ಯಂತ್ರಕ್ಕಿಂತಲೂ ಮೊದಲು ತಿಳಿಯುವವರು ಪಕ್ಕದಲ್ಲಿ ಮಲಗುವವರು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು, ಮತ್ತೆ ಬೆಚ್ಚಿ ಎಳೆದುಕೊಳ್ಳುವುದುಂಟೇ? ಇದ್ದರೆ ಅರಿವಳಿಕೆಯಲ್ಲಿ ಅಪಾಯ. ನಗೆಯ ವಿಷಯವೆಂದು ಬಿಡದೆ ವೈದ್ಯರಿಗೆ ಹೇಳಿರಿ.

ಬೀಡಿ, ಸಿಗರೇಟು, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಇವೆಲ್ಲವನ್ನೂ ಕನಿಷ್ಠ ಆರು ವಾರ ಮೊದಲು ಬಿಡಬೇಕು, ಮತ್ತೆ ಮುಟ್ಟಬಾರದು. ತಂಬಾಕಿನಿಂದ ಹೊಲಿಗೆ ಮಾಯುವುದು ತಡವಾಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಕುಯ್ಲಿನ ಕಾಲದಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳೂ ಅಷ್ಟೇ ಕೆಟ್ಟವು. ಬೈಪಾಸ್ ಆದವರಿಗೆ ಅವು ನಿಷಿದ್ಧವೆಂದೇ ತಿಳಿಯಿರಿ.

ನಮ್ಮ ಕಾಚಂಪುಳಿಯ ಬಗ್ಗೆ ಒಂದು ಮಾತು. ಅದನ್ನು ತಯಾರಿಸುವ ಹಣ್ಣಿನ ಸಾರವನ್ನು ತೂಕ ಇಳಿಸುವ ಔಷಧಿಯೆಂದು ಗುಳಿಗೆಗಳಲ್ಲಿ ತುಂಬಿ ದೇಶವಿದೇಶಗಳಲ್ಲಿ ಮಾರುತ್ತಾರೆ. ಪಂದಿಕರಿಗೆ ಹಾಕುವ ಒಂದು ಚಮಚದಿಂದ ಕೇಡಿಲ್ಲ, ಬೊಜ್ಜು ಕರಗುವುದೂ ಇಲ್ಲ. ಆದರೆ ಆ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಅಂತಹವನ್ನು ನಿಲ್ಲಿಸಿರಿ, ನಾಟಿ ಮದ್ದೂ ಸೇರಿದಂತೆ ತೆಗೆದುಕೊಳ್ಳುವ ಪ್ರತಿಯೊಂದನ್ನೂ ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ.

ಕೊನೆಯ ಎರಡು ವಾರಗಳ ಪಥ್ಯವೇ ಎಲ್ಲಕ್ಕಿಂತ ಮುಖ್ಯ. ಯಕೃತ್ತಿನ ಎಡಭಾಗ ಜಠರದ ಮೇಲೆ ಮುಚ್ಚಳದಂತೆ ಮಲಗಿದೆ. ಬೊಜ್ಜಿರುವವರಲ್ಲಿ ಅದು ಕೊಬ್ಬಿನಿಂದ ಊದಿರುತ್ತದೆ. ಅದನ್ನು ಮೇಲೆತ್ತಲಾಗದಿದ್ದರೆ ಶಸ್ತ್ರವೈದ್ಯರು ಕೆಲಸವನ್ನು ನಿಲ್ಲಿಸಬೇಕಾದೀತು. ಅನ್ನ, ರೊಟ್ಟಿ, ಸಕ್ಕರೆಗಳನ್ನು ಬಹುವಾಗಿ ಕಡಿಮೆ ಮಾಡಿ ಮೊಟ್ಟೆ, ಮೀನು, ಮೊಸರು, ಬೇಳೆ, ತರಕಾರಿಗಳನ್ನು ಹೇಳಿದ ಅಳತೆಯಲ್ಲಿ ತಿಂದರೆ ಎರಡು ವಾರಗಳಲ್ಲಿ ಯಕೃತ್ತು ಕುಗ್ಗುತ್ತದೆ. ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಪುಟ್ಟು ಎಂದು ಮೂರು ಹೊತ್ತೂ ಅಕ್ಕಿಯನ್ನೇ ಉಣ್ಣುವ ನಮಗೆ ಇದು ಸುಲಭವಲ್ಲ. ಬೆಲ್ಲದ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟವಾದರೆ ಸುಮಾರು 200 ಕ್ಯಾಲೊರಿ ಅದರಿಂದಲೇ ಬರುತ್ತದೆ. ಆ ಹದಿನೈದು ದಿನ ಮನೆಮಂದಿಯೆಲ್ಲ ಅದೇ ಊಟ ಮಾಡಿದರೆ ಪಥ್ಯದವರಿಗೆ ಎಷ್ಟೋ ಧೈರ್ಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಪಥ್ಯ ಆರಂಭಿಸುವ ಮುನ್ನ ವೈದ್ಯರಿಂದ ಪ್ರಮಾಣವನ್ನು ತಗ್ಗಿಸಿಕೊಳ್ಳತಕ್ಕದ್ದು. ಇಲ್ಲದಿದ್ದರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪುವ ಅಪಾಯವಿದೆ.

ಊಟದ ಕ್ರಮವನ್ನೂ ಈಗಿನಿಂದಲೇ ಅಭ್ಯಾಸ ಮಾಡಿರಿ. ಚಿಕ್ಕ ತುತ್ತು, ಚೆನ್ನಾಗಿ ಅಗಿಯುವುದು, ಒಂದು ಊಟಕ್ಕೆ ಇಪ್ಪತ್ತು ನಿಮಿಷ. ಊಟದ ನಡುವೆ ನೀರು ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಶಸ್ತ್ರಚಿಕಿತ್ಸೆಯ ಅನಂತರ ದಿನಕ್ಕೆ ಸುಮಾರು 60 ಗ್ರಾಂ ಸಸಾರಜನಕ ಬೇಕು; ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಮಾತ್ರ. ಆದ್ದರಿಂದ ತಟ್ಟೆಯಲ್ಲಿ ಮೊದಲು ತಿನ್ನಬೇಕಾದುದು ಮೊಟ್ಟೆ, ಮೀನು, ಕಾಳು, ಅನ್ನ ಕೊನೆಗೆ. ದಿನವೂ ಅರ್ಧ ಗಂಟೆ ನಡೆಯಿರಿ. ತೋಟದ ಏರಿನಲ್ಲಿ ಉಸಿರು ಕಟ್ಟಿದರೆ ನಿಂತು ನಡೆಯಿರಿ, ಆದರೆ ನಡೆಯಿರಿ.

ಕಾಲ, ಹಣ ಮತ್ತು ಪ್ರಯಾಣ

ಕೊಡಗಿನವರು ಈ ಚಿಕಿತ್ಸೆಗೆ ಸಾಮಾನ್ಯವಾಗಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು ಕಳೆದಾಗ ಮರುಪರೀಕ್ಷೆಗೆ ಹೋಗಲೇಬೇಕು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವಾರೂ ಮರೆತಿಲ್ಲ. ಕುಯ್ಲು ಮುಗಿಯುವ ಮಾರ್ಚಿಯಲ್ಲಿ ಶಸ್ತ್ರಚಿಕಿತ್ಸೆಯಾದರೆ ತೊಡಕಿನ ಮೊದಲ ತಿಂಗಳುಗಳು ಜೋರು ಮಳೆಗೆ ಮುನ್ನವೇ ಕಳೆಯುತ್ತವೆ. ಕಾಫಿ ಮೂಟೆ ಎತ್ತುವ ಕೆಲಸವೂ ಆಗ ಇರುವುದಿಲ್ಲ. ಆರು ವಾರ ಭಾರ ಎತ್ತಕೂಡದು. ಸೌದೆ, ನೀರು, ದನಕರುಗಳ ಕೆಲಸ ಯಾರು ಮಾಡುವರೆಂದು ಹೊರಡುವ ಮೊದಲೇ ಮನೆಯಲ್ಲಿ ಇತ್ಯರ್ಥವಾಗಿರಲಿ.

ಖಾಸಗಿ ಆಸ್ಪತ್ರೆಗಳಲ್ಲಿ ಖರ್ಚು ಕೆಲವು ಲಕ್ಷಗಳಾಗುತ್ತದೆ. ವಿಮೆಯುಳ್ಳವರು, ಯಾವ ಅಂಕಕ್ಕೆ ಮತ್ತು ಯಾವ ಕಾಯಿಲೆಗೆ ಹಣ ಕೊಡುವರೆಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಸರ್ಕಾರಿ ಯೋಜನೆಗಳ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿರಿ. ಜೀವನಪರ್ಯಂತ ತೆಗೆದುಕೊಳ್ಳಬೇಕಾದ ಜೀವಸತ್ವದ ಮಾತ್ರೆಗಳ ಮತ್ತು ವರ್ಷವರ್ಷದ ರಕ್ತಪರೀಕ್ಷೆಯ ವೆಚ್ಚವನ್ನೂ ಲೆಕ್ಕದಲ್ಲಿ ಸೇರಿಸಿ. ತೋಟ ಒತ್ತೆಯಿಟ್ಟು ಶಸ್ತ್ರಚಿಕಿತ್ಸೆ ಮಾಡಿಸಿ, ಮಾತ್ರೆಗೆ ಹಣವಿಲ್ಲವೆನ್ನುವ ಸ್ಥಿತಿ ಬರಬಾರದು.

ಮನೆಗೆ ಹಿಂತಿರುಗುವಾಗ ವಾಹನವನ್ನು ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಬೇಕು. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಬ್ಬಸ, ಎದೆಬಡಿತದ ವೇಗ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಎಡಭುಜದ ನೋವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ. ಎರಡು ಮೂರು ದಿನ ಬಿಡದೆ ವಾಂತಿಯಾದರೆ ಬಿ1 ಜೀವಸತ್ವದ ಕೊರತೆಯಿಂದ ನರಗಳಿಗೆ ಪೆಟ್ಟಾಗಬಹುದು. ಅದಕ್ಕೆ ಚುಚ್ಚುಮದ್ದು ಬೇಕು. ಬಿಡುಗಡೆ ಪತ್ರದ ಒಂದು ಪ್ರತಿಯನ್ನು ವಾರದೊಳಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟು, ಯಾವ ವಿಧದ ಶಸ್ತ್ರಚಿಕಿತ್ಸೆಯಾಯಿತು, ಯಾವ ದಿನ, ಅಂತರಕ್ಕೆ ಯಾವ ವಿಧಾನ ಎಂಬ ಮೂರನ್ನು ಅಲ್ಲಿಯ ಪುಸ್ತಕದಲ್ಲಿ ಬರೆಯಿಸಿರಿ. ಮಳೆಯಲ್ಲಿ ದಾರಿ ಕಟ್ಟಿದ ರಾತ್ರಿ ನಿಮ್ಮನ್ನು ನೋಡಬೇಕಾದ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.